ಕಾಕುವಿನ ಭಾಂಡೆ, ಕಾಕಾನ ಕಾರು

ಹೋದ ವಾರ ಸವಣೂರಿನ ಬಸ್ ನಿಲ್ದಾಣದ ಮುಂದಿನ ರಸ್ತೆ ಉಬ್ಬನ್ನು ದಾಟುವಾಗ ನನ್ನ ಕಾರಿನ ಮುಂಭಾಗದಿಂದ ಒಂದು ಸಪ್ಪಳ ಬಂತು. ದೊಡ್ಡದೇನಲ್ಲ. ಗೋಡೆಯ ಆಚೆ ಯಾರೋ ಮುಷ್ಟಿಯಿಂದ ಒಮ್ಮೆ ಗುದ್ದಿ ಸುಮ್ಮನಾದ ಹಾಗೆ. ಕಿಟಕಿ ಏರಿಸಿಕೊಂಡು ಹಾಡು ಹಚ್ಚಿಕೊಂಡು ಹೋಗುವವರು ನೀವಾಗಿದ್ದರೆ ನಿಮಗದು ಕೇಳಿಸುತ್ತಲೂ ಇರಲಿಲ್ಲ. ನಾನು ಕಾರಿನಲ್ಲಿ ಹಾಡು ಹಚ್ಚುವುದಿಲ್ಲ. ಪಕ್ಕದ ಸೀಟಿನಲ್ಲಿ ಕಾಕು ಕೂತಿದ್ದಳು. ಎರಡೂ ಪಾದಗಳನ್ನು ಕಾರಿನ ನೆಲದಿಂದ ಸ್ವಲ್ಪ ಮೇಲಕ್ಕೆತ್ತಿ ಹಿಡಿದಳು, ಅಂಗಳದಲ್ಲಿ ನೀರು ಹರಿದು ಬಂದಾಗ ಕಾಲು ಎತ್ತಿಕೊಳ್ಳುವ ಹಾಗೆ. ಮನೆ ಬರುವ ತನಕ ಇಳಿಸಲಿಲ್ಲ.

ಕಾಕು ಎಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಕಾಕಾ ದನದ ಡಾಕ್ಟರಾಗಿದ್ದ. ಹಾನಗಲ್ಲು, ಹಿರೇಕೆರೂರು, ಶಿಗ್ಗಾಂವಿ ಎಂದು ತಾಲೂಕಿನಿಂದ ತಾಲೂಕಿಗೆ ವರ್ಗವಾಗುತ್ತ ಕೊನೆಗೆ ಸ್ವಂತ ಊರಾದ ಸವಣೂರಿನಲ್ಲಿ ನಿವೃತ್ತನಾದ. ನಮ್ಮ ಮನೆಯನ್ನು ನಡುವೆ ಗೋಡೆ ಎಬ್ಬಿಸಿ ಎರಡು ಮಾಡಿದ್ದಾರೆ. ಒಂದು ಭಾಗದಲ್ಲಿ ನಾನು, ಇನ್ನೊಂದರಲ್ಲಿ ಅವರು. ಹಿತ್ತಲ ಬಾವಿಗೆ ಮಾತ್ರ ಗೋಡೆ ಇಲ್ಲ. ನಾನು ಕಾಲೇಜಿನಲ್ಲಿ ಪಾಠ ಮಾಡಿ ಬಂದು ಚಹಾ ಕುಡಿಯುತ್ತಿದ್ದದ್ದು ಹೆಚ್ಚಾಗಿ ಅವರ ಕಡೆಯೇ.

ಆ ಬಾವಿಯ ಬಗ್ಗೆ ಹೇಳದೆ ಕಾರಿನ ಬಗ್ಗೆ ಹೇಳಲಾಗುವುದಿಲ್ಲ. ಕಾಕು ಬೇರೆಯವರ ಮನೆಯ ನೀರು ಕುಡಿಯುತ್ತಿರಲಿಲ್ಲ. ಅವಳ ತವರಿನಲ್ಲಿ ಅದು ನಡೆದು ಬಂದ ಪದ್ಧತಿ. ಊರಿಗೆ ಹೊರಟರೆ ಬೆಳಗ್ಗೆ ಮಡಿಯಲ್ಲಿ ತಾನೇ ಬಾವಿಯಿಂದ ನೀರು ಸೇದಿ ಎರಡು ಹಿತ್ತಾಳೆ ಕೊಡ ತುಂಬುವಳು. ಕೊಡದ ಬಾಯಿಗೆ ಮುಚ್ಚಳ, ಮುಚ್ಚಳದ ಮೇಲೆ ತಂಬಿಗೆ. ಜೊತೆಗೊಂದು ಬುಟ್ಟಿ, ಅದರಲ್ಲಿ ಬೋಗುಣಿ, ಸೌಟು, ಲೋಟ, ಒಂದು ಗಿಂಡಿ. ಇಷ್ಟೂ ಭಾಂಡೆ ಡಿಕ್ಕಿಯಲ್ಲಿ ಕೂತ ಮೇಲೆ ಮನುಷ್ಯರು ಕೂಡಬೇಕು. ನಿವೃತ್ತಿಯಾದ ಮೇಲೆ ಕಾಕಾ ಕೊಂಡ ಹಳೆಯ ಬಿಳಿ ಕಾರು ಅದು, ಯಾರೋ ಬಳಸಿ ಬಿಟ್ಟದ್ದು. ಹೊರಡುವ ಹೊತ್ತಿಗೆ ಅದರ ಹಿಂಭಾಗ ತುಸು ಕೆಳಗಿಳಿದು ಮೂತಿ ತುಸು ಮೇಲೆದ್ದಿರುತ್ತಿತ್ತು.

"ಇದು ಕಾರಲ್ಲ, ಮಠದ ಪಾಕಶಾಲಿ," ಎಂದು ಕಾಕಾ ನಗುತ್ತಿದ್ದ. "ಸ್ವಾಮಿಗೋಳೊಬ್ರು ಇಲ್ಲ. ಉಳಿದದ್ದೆಲ್ಲಾ ಅದ."

"ಸ್ವಾಮಿಗೋಳಿದ್ರ ನಿಮ್ಮನ್ನ ಕಾರು ಹೊಡೀಲಿಕ್ಕೆ ಕರೀತಿದ್ದಿಲ್ಲ," ಎಂದು ಕಾಕು ಹೇಳುವಳು. "ಸ್ನಾನಾ ಮಾಡಿದವ್ರನ್ನ ಕರೀತಿದ್ರು."

ಸಪ್ಪಳ ಮೊದಲು ಕೇಳಿದ್ದು ಹಿರೇಕೆರೂರಿನ ಅವಳ ತವರಿಗೆ ಹೊರಟಾಗ, ರಟ್ಟೀಹಳ್ಳಿ ದಾಟಿದ ಮೇಲೆ. ರಸ್ತೆ ಕಿತ್ತುಹೋಗಿತ್ತು. ಕಾಕಾ ನಿಧಾನವಾಗಿ ಒಂದು ತೆಗ್ಗು ಇಳಿಸಿ ಹತ್ತಿಸಿದ. ಧಕ್ ಎಂದಿತು.

"ಏನೋ ಬಡದಂಗಾತಲ್ಲ?" ಎಂದ ಕಾಕಾ.

"ನನ್ನ ಕಾಲ ಕೆಳಗ ಬಡೀತು," ಎಂದಳು ಕಾಕು. ಅವಳು ಕೂಡುವುದು ಯಾವಾಗಲೂ ಮುಂದಿನ ಎಡಗಡೆ.

"ಕಾಲ ಕೆಳಗಲ್ಲ ಮಾರಾಯ್ತಿ, ಡಿಕ್ಕಿಯೊಳಗ. ನಿನ್ನ ಭಾಂಡೆ ಮಾತಾಡ್ಲಿಕ್ಕತ್ತಾವ."

"ನನ್ನ ಭಾಂಡೆ ದನಿ ನನಗ ಗೊತ್ತಿಲ್ಲೇನ್ರಿ? ಅವು ಖಣ್ ಅಂತಾವ. ಇದು ಧಕ್ ಅಂತು. ಪಾದಕ್ಕ ಹತ್ತಿತು ನನಗ."

ಅವಳು ಅಂದು ಹೇಳಿದ ಈ ಮಾತಿನಲ್ಲಿ ಎಲ್ಲವೂ ಇತ್ತು. ಯಾವ ಕಡೆ, ಎಷ್ಟು ಕೆಳಗೆ, ಎಂಥ ದನಿ. ಆದರೆ ಅದನ್ನು ಹೇಳಿದ್ದು ಭಾಂಡೆಗಳ ಒಡತಿ. ತನ್ನ ಮಕ್ಕಳ ಪರವಾಗಿ ಮಾತಾಡುವ ತಾಯಿಯ ಮಾತಿಗೆ ಎಷ್ಟು ಬೆಲೆಯೋ ಅದಕ್ಕೂ ಅಷ್ಟೇ ಬೆಲೆ ಸಿಕ್ಕಿತು.

ಹಾಗೆಂದು ಕಾಕಾ ಉಡಾಫೆಯ ಮನುಷ್ಯನಲ್ಲ. ಪರೀಕ್ಷೆ ಮಾಡದೆ ಯಾವ ಮಾತನ್ನೂ ಆಡಿದವನಲ್ಲ. ಚಿಕ್ಕವಳಿದ್ದಾಗ ಅವನ ಸ್ಕೂಟರಿನ ಹಿಂದೆ ಕೂತು ಹಳ್ಳಿಗಳಿಗೆ ಹೋಗಿದ್ದೇನೆ. ಆಕಳ ಎಡ ಪಕ್ಕೆಗೆ ಸ್ಟೆತಾಸ್ಕೋಪ್ ಹಚ್ಚಿ ಕಣ್ಣು ಮುಚ್ಚಿ ನಿಂತುಬಿಡುತ್ತಿದ್ದ. ಮೇವು ಬಿಟ್ಟು ನಿಂತ ಆಕಳುಗಳಲ್ಲಿ ಒಂದು ಬಗೆಯವನ್ನು ಕಂಡರೆ ಅವನಿಗೆ ವಿಶೇಷ ಕಾಳಜಿ: ಮೇವಿನ ಜೊತೆ ಮೊಳೆಯನ್ನೋ ತಂತಿಯನ್ನೋ ನುಂಗಿದವು. ಕೊಟ್ಟಿಗೆಯಲ್ಲಿ ನಿಂತಾಗ ಅಂಥ ಆಕಳು ಏನೂ ಹೇಳುವುದಿಲ್ಲ. ಅದನ್ನು ಬಿಚ್ಚಿಸಿ ಇಳಿಜಾರಿನಲ್ಲಿ ನಡೆಸಬೇಕು. ಹೊಟ್ಟೆಯ ಭಾರ ಮುಂದಕ್ಕೆ ಬಿದ್ದು ಒಳಗಿನ ಮೊಳೆ ಚುಚ್ಚಿ ಅದು ನರಳುತ್ತದೆ. "ನಿಂತಲ್ಲೆ ನೋಡಿದ್ರ ಸಿಗೂದಿಲ್ಲ, ತಂಗಿ. ಅದಕ್ಕ ಎಲ್ಲೆ ತ್ರಾಸಾಗ್ತದೋ ಅಲ್ಲೆ ಕರಕೊಂಡು ಹೋಗಬೇಕು," ಎಂದು ಕಾಕಾ ನನಗೆ ಹೇಳಿದ್ದ. ಈ ಮಾತನ್ನು ನಾನು ಎಷ್ಟೋ ವರ್ಷ ಮರೆತಿದ್ದೆ. ಕಾಕಾನೂ ಕಾರಿನ ವಿಷಯದಲ್ಲಿ ಮರೆತಿದ್ದ.

ಕಾರಿಗೂ ಅವನು ಅದೇ ಸ್ಟೆತಾಸ್ಕೋಪ್ ಹಚ್ಚಿದ. ನಗಬೇಡಿ, ಇಡೀ ಓಣಿ ನಕ್ಕು ಮುಗಿಸಿದೆ. ಬಾನೆಟ್ ಎತ್ತಿ, ಶಾಕ್‌ ಅಬ್ಸಾರ್ಬರಿನ ಮೇಲ್ತುದಿ ಕಾಣುವಲ್ಲಿ ಅದನ್ನು ಒತ್ತಿ ಹಿಡಿದು, "ಒತ್ತು" ಎನ್ನುವನು. ನಾನು ಕಾರಿನ ಮುಂದಿನ ಮೂಲೆಯ ಮೇಲೆ ಮೈಭಾರ ಹಾಕಿ ಒತ್ತಿ ಬಿಡುವೆ. ಅದು ಏಳುವಾಗ, ಬೀಳುವಾಗ ಅವನು ಕೇಳುವನು. ಯಲವಿಗಿಯ ಸ್ಟೇಷನ್ನಿನ ಹತ್ತಿರ ರಸ್ತೆ ರೈಲು ಹಳಿ ದಾಟುವಲ್ಲಿಗೆ ಹೋಗಿ, ತಾನು ಮೆಲ್ಲಗೆ ಕಾರು ಹೊಡೆಯುತ್ತ, ನನ್ನನ್ನು ಮುಂದಿನ ಗಾಲಿಯ ಪಕ್ಕ ಬಗ್ಗಿಸಿಕೊಂಡು ನಡೆಸಿದ. ಏನೂ ಸಿಗಲಿಲ್ಲ. ನಿಂತಲ್ಲೇ ಸ್ಟೇರಿಂಗ್ ತಿರುಗಿಸಿದಾಗ ಸಪ್ಪಳ ಬಂದರೆ ಮೇಲಿನ ಬೇರಿಂಗು. ಬ್ರೇಕ್ ಹಾಕಿದಾಗ ಬಂದರೆ ಗಾಲಿ ಹಿಡಿದಿಡುವ ಕಬ್ಬಿಣದ ತೋಳಿನ ರಬ್ಬರ್ ಬುಶ್ಶು. ಸಣ್ಣ ಕಲ್ಲಿನ ಮೇಲೆ ಕಟಕಟ ಎಂದರೆ ಲಿಂಕ್ ರಾಡು. ಈ ವಿದ್ಯೆಯನ್ನೆಲ್ಲ ಅವನು ಶಿಗ್ಗಾಂವಿಯ ಚನ್ನಬಸುವಿನಿಂದ ಕಲಿತಿದ್ದ.

ಚನ್ನಬಸು ಹಿರೇಬೆಂಡಿಗೇರಿಯವನು. ಅವನ ತಂದೆಯ ಎಮ್ಮೆಗಳಿಗೆ ಕಾಕಾ ಔಷಧ ಕೊಟ್ಟವನು. ಹೊಲ ಅಣ್ಣನಿಗೆ ಬಿಟ್ಟು ಚನ್ನಬಸು ಶಿಗ್ಗಾಂವಿಯಲ್ಲಿ ಹೆದ್ದಾರಿಯ ಬದಿಗೆ ಗ್ಯಾರೇಜು ಹಾಕಿದ್ದ. ಕಾಕಾ ಕಾರನ್ನು ಬೇರೆ ಯಾರ ಕೈಗೂ ಕೊಡುತ್ತಿರಲಿಲ್ಲ.

ಇಲ್ಲಿ ದಯವಿಟ್ಟು ನನ್ನ ಜೊತೆ ನಿಧಾನವಾಗಿ ಬನ್ನಿ. ನಡೆದದ್ದೆಲ್ಲ ಇಲ್ಲಿಯೇ.

ಕಾರು ಗ್ಯಾರೇಜಿಗೆ ಹೊರಡುವ ಮೊದಲು ಕಾಕು ಡಿಕ್ಕಿಯನ್ನು ಬರಿದು ಮಾಡುತ್ತಿದ್ದಳು. ಕೊಡ, ಬುಟ್ಟಿ, ನೀರು ಸೋರಿದರೆ ಇರಲಿ ಎಂದು ಹಾಸಿದ ಗೋಣಿ ಕೂಡ. "ಗ್ರೀಸ್ ಕೈ ಹತ್ತಿದ ಭಾಂಡೆ ಯಾವ ಮಡಿಗೆ ಬಂದಾವು? ಹುಣಸೀಹಣ್ಣು ಹಚ್ಚಿ ತಿಕ್ಕಾವ್ರು ನೀವೇನು?" ಎನ್ನುವಳು. ಕಾರು ಹಗುರಾಗಿ, ಮೂತಿ ಸಮ ಮಾಡಿಕೊಂಡು ಶಿಗ್ಗಾಂವಿಗೆ ಹೋಗುತ್ತಿತ್ತು. ಕಾಕಾ ಒಬ್ಬನೇ, ಕೆಲವೊಮ್ಮೆ ನಾನೂ ಜೊತೆಗೆ.

ಮೊದಲ ಸಲ ಚನ್ನಬಸು ಜಾಕ್ ಹಚ್ಚಿ ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದ, ಆಮೇಲೆ ಎಡಬಲ ಹಿಡಿದು ಅಲ್ಲಾಡಿಸಿದ. ಎಡಗಡೆಯ ಲಿಂಕ್ ರಾಡು ಸಡಿಲಾಗಿದ್ದು ಸಿಕ್ಕಿತು. ಹೊಸದು ಹಾಕಿದ. ಹೆದ್ದಾರಿಯ ಪಕ್ಕದ ರಸ್ತೆಯಲ್ಲಿ ತಾನೇ ಓಡಿಸಿ ನೋಡಿದ. ಸಪ್ಪಳ ಇರಲಿಲ್ಲ. ಕಾಕಾ ಖುಷಿಯಾಗಿ ಬಂದ. ಮುಂದಿನ ಸಲ ಕೊಡ ತುಂಬಿಕೊಂಡು ಊರಿಗೆ ಹೊರಟೆವು. ಧಕ್.

ಮತ್ತೆ ಭಾಂಡೆ ಇಳಿಸಿ ಶಿಗ್ಗಾಂವಿಗೆ. ಚನ್ನಬಸು ಓಡಿಸಿದ, ಬಗ್ಗಿದ, ಮಲಗಿದ, ಎದ್ದ.

"ಡಾಕ್ಟರ್ರ, ಗಾಡಿ ಗಟ್ಟಿಮುಟ್ಟಾಗೈತ್ರಿ. ಎಲ್ಲೈತ್ರಿ ಸಪ್ಪಳ? ನನಗೂ ಒಂದೀಟು ಕೇಳಸ್ರಲ್ಲ."

"ಸಪ್ಪಳಾ ಮನಿಯೊಳಗ ಬಿಟ್ಟು ಬಂದೇನಪ್ಪಾ," ಎಂದ ಕಾಕಾ. "ಅಡಿಗಿಮನ್ಯಾಗ ಕೂತದ."

ಚನ್ನಬಸು ಮೊದಲು ಬೆಪ್ಪಾದ. ಕೊಡ, ಬುಟ್ಟಿಗಳ ಕಥೆಯನ್ನು ಕಾಕಾ ಬಿಡಿಸಿ ಹೇಳಿದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ.

ಭಾಂಡೆ ಇದ್ದರೆ ಸಪ್ಪಳ. ಭಾಂಡೆ ಇಲ್ಲದಿದ್ದರೆ ಇಲ್ಲ. ಮತ್ತೆ ಇಟ್ಟರೆ ಮತ್ತೆ ಸಪ್ಪಳ. ವಿಜ್ಞಾನ ಓದಿದ ಮನುಷ್ಯನಿಗೆ ಇದಕ್ಕಿಂತ ಹೆಚ್ಚಿನ ಪುರಾವೆ ಏನು ಬೇಕು? ನಿಮ್ಮನ್ನು ಕೇಳಿದ್ದರೂ ನೀವು ಅದನ್ನೇ ಹೇಳುತ್ತಿದ್ದಿರಿ. ಕಾಕಾ ತೀರ್ಪು ಕೊಟ್ಟುಬಿಟ್ಟ: ರೋಗ ಕಾರಿನದಲ್ಲ.

ಕಾಕು ವಾದ ಮಾಡಲಿಲ್ಲ. ಹಳೆಯ ಸೀರೆ ಹರಿದು ಒಂದೊಂದು ಕೊಡಕ್ಕೂ ಸುತ್ತಿದಳು. ತಂಬಿಗೆಯೊಳಗೆ ಅರಿವೆ ತುರುಕಿದಳು. ಲೋಟಗಳ ನಡುವೆ ಪಂಜೆಯ ತುಂಡು ಇಟ್ಟಳು. ಸಪ್ಪಳ ಹೋಗಲಿಲ್ಲ. ಗಿಂಡಿಯನ್ನು ಮನೆಯಲ್ಲಿ ಬಿಟ್ಟಳು, ಆಮೇಲೆ ಬೋಗುಣಿ, ಆಮೇಲೆ ಬುಟ್ಟಿಯನ್ನೇ ಬಿಟ್ಟಳು. ಎರಡು ತುಂಬಿದ ಕೊಡ ಮಾತ್ರ ಉಳಿದವು. ಧಕ್. "ಮೈತುಂಬ ಅರಿವಿ ಸುತ್ತೇನಿ, ಬಾಯಾಗ ತುರುಕೇನಿ. ಇನ್ನೇನು ಅವುಗಳ ಕೊರಳು ಹಿಚುಕಲ್ಯಾ?" ಎಂದು ಒಮ್ಮೆ ರೇಗಿದಳು. ಕಾಕಾ ಸ್ಟೇರಿಂಗಿನ ಮೇಲೆ ತಾಳ ಹಾಕುತ್ತ ನಕ್ಕ. ನೆಂಟರ ಮನೆಗಳಲ್ಲಿಯೂ ಇದು ಹರಡಿತು. ಕಾರು ಬಾಗಿಲಿಗೆ ಬಂದರೆ, "ಭಾಂಡೆ ಬಂದ್ವು ನೋಡ್ರಿ, ಹಿಂದಿಂದ ಡಾಕ್ಟರೂ ಬಂದ್ರು," ಎಂದು ಯಾರಾದರೊಬ್ಬರು ಕೂಗುವರು. ಕಾಕುವೂ ನಗುವಳು. ನಕ್ಕು ಕೊಡ ಇಳಿಸಿಕೊಳ್ಳಲು ಹಿಂದೆ ಹೋಗುವಳು.

ಹೀಗೇ ಒಂದು ವರ್ಷ ಹೋಯಿತು.

ಕಾರ್ತಿಕ ಮುಗಿಯುತ್ತ ಬಂದಿತ್ತು. ಹಾನಗಲ್ಲಿನಲ್ಲಿ ಸಂಬಂಧಿಕರ ಮನೆಯ ವಾಸ್ತುಶಾಂತಿ. ಬೆಳಗ್ಗೆ ಕಾಕಾ ಡಿಕ್ಕಿ ತೆರೆದು ನಿಂತಿದ್ದ. ಕಾಕು ಬಂದಳು, ಕೈಯಲ್ಲಿ ಒಂದು ಕರವಸ್ತ್ರ.

"ಭಾಂಡೆ?" ಎಂದ ಕಾಕಾ.

"ಅವು ಬರೂದಿಲ್ಲ. ಒಂದ ಸಲ ನಿಮ್ಮ ಕಾರು ಸುಮ್ಮನಿರ್ಲಿ."

"ಮತ್ತ ನೀರು?"

"ಒಂದ ದಿನ ನೀರಿಲ್ಲಂದ್ರ ಯಾರೂ ಸಾಯೂದಿಲ್ಲ. ಮುಚ್ಚರಿ ಅದನ್ನ."

ಕಾಕಾ ಡಿಕ್ಕಿ ಮುಚ್ಚಿದ. ಅವನ ಮುಖದಲ್ಲಿ ಒಂದು ಗಳಿಗೆ ಏನೋ ಸುಳಿಯಿತು. ಗೆದ್ದವನ ಕಳೆಯಂತೂ ಅಲ್ಲ. "ಇಟಗೊ ಮಾರಾಯ್ತಿ, ನಾ ಚ್ಯಾಷ್ಟಿಗಂದೆ," ಎಂದ. ಕಾಕು ಆಗಲೇ ಒಳಗೆ ಕೂತಿದ್ದಳು.

ಹೋಗುವಾಗ ಕಾರು ಒಂದು ಮಾತೂ ಆಡಲಿಲ್ಲ. ಬಂಕಾಪುರ ದಾಟಿತು, ಹಾನಗಲ್ಲಿನ ಹಾದಿ ಹಿಡಿಯಿತು, ಉಬ್ಬು ಬಂತು, ತೆಗ್ಗು ಬಂತು. ಏನೂ ಇಲ್ಲ.

"ಕೇಳಿದಿ?" ಎಂದ ಕಾಕಾ.

"ಏನು?"

"ಏನೂ ಇಲ್ಲಲ್ಲ, ಅದನ್ನ ಕೇಳಿದಿ?"

ಕಾಕು ಕಿಟಕಿಯ ಆಚೆ ಗೋವಿನಜೋಳ ಕಿತ್ತ ಹೊಲಗಳನ್ನು ನೋಡುತ್ತಿದ್ದಳು.

ವಾಸ್ತುಶಾಂತಿಯ ಮನೆಯಲ್ಲಿ ಅವಳು ಊಟಕ್ಕೆ ಕೂಡಲಿಲ್ಲ. ಎರಡು ಬಾಳೆಹಣ್ಣು ತಿಂದಳು. ನೀರು ಮುಟ್ಟಲಿಲ್ಲ. ಭಾಂಡೆ ಇಲ್ಲದೆ ಬರಲು ಒಪ್ಪಿದ್ದಳೇ ಹೊರತು ಬೇರೆ ನೀರು ಕುಡಿಯಲು ಒಪ್ಪಿರಲಿಲ್ಲ. ಅಷ್ಟು ಗದ್ದಲದಲ್ಲಿ ಯಾರೂ ಅದನ್ನು ಗಮನಿಸಲಿಲ್ಲ. ನಾನು ಗಮನಿಸಿದೆ. ಹೋಗಿ, ಎಳನೀರಾದರೂ ತರಿಸಲೇ ಎಂದು ಕೇಳಿದೆ. "ಮನೀಗೆ ಹೋಗೂದದಲ್ಲ," ಎಂದಳು.

ಹೊರಡುವಾಗ ಕಾಕಾನಿಗೆ ಹಳೆಯ ಪರಿಚಯದ ಒಬ್ಬ ರೈತ ಸಿಕ್ಕ. ಹಿಂದೆಂದೋ ಅವನ ಎತ್ತುಗಳನ್ನು ಕಾಕಾ ಬದುಕಿಸಿದ್ದನಂತೆ. ಬೇಡ ಬೇಡ ಎಂದರೂ ಕೇಳದೆ ಎರಡು ಚೀಲ ಅಕ್ಕಿಯನ್ನು ಡಿಕ್ಕಿಗೆ ಹಾಕಿಸಿದ. ಕಾರಿನ ಹಿಂಭಾಗ ಕೆಳಗಿಳಿಯಿತು. ನಾನು ಹಿಂದಿನ ಸೀಟಿನಲ್ಲಿ, ಕಾಕುವಿನ ಬೆನ್ನ ಹಿಂದೆ ಕೂತೆ.

ಊರು ಬಿಟ್ಟು ಸ್ವಲ್ಪ ದೂರಕ್ಕೆ ಒಂದು ಉಬ್ಬು. ಧಕ್.

ಇನ್ನೊಂದು ತೆಗ್ಗು. ಧಕ್. ಮೊದಲಿಗಿಂತ ದಪ್ಪ ದನಿ.

ಕಾಕು ಮೆಲ್ಲಗೆ ಕೊರಳು ತಿರುಗಿಸಿ ಗಂಡನನ್ನು ನೋಡಿದಳು.

"ಈಗ ಯಾರ ಭಾಂಡೆ ಬಡಕೊಳ್ಳಿಕ್ಕತ್ತಾವ್ರಿ?"

ಮತ್ತು ನಕ್ಕಳು. ತುಟಿ ಒಣಗಿದ್ದರಿಂದ ನಗುವಿಗೆ ದನಿ ಇರಲಿಲ್ಲ, ಭುಜ ಮಾತ್ರ ಅಲುಗುತ್ತಿತ್ತು. ಒಂದು ವರ್ಷ ಕಟ್ಟಿಟ್ಟುಕೊಂಡ ನಗು ಅದು. ನನಗೂ ನಗು ಬಂತು. ಕಾಕಾ ಮಾತ್ರ ನಗಲಿಲ್ಲ. ಕಾರನ್ನು ಇನ್ನಷ್ಟು ನಿಧಾನ ಮಾಡಿದ. ಮತ್ತೊಂದು ತೆಗ್ಗನ್ನು ಬೇಕೆಂದೇ ಎಡಗಾಲಿಯಿಂದ ಹಾಯಿಸಿದ. ಧಕ್.

"ಇಳಿಜಾರು," ಎಂದ, ತನಗೆ ತಾನೇ. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡಿ, "ಏ ತಂಗಿ, ಮೊಳಿ ನುಂಗಿದ ಆಕಳಾ ನೆನಪದ ಏನು? ಇದೂ ಹಂಗ. ಹಿಂದ ಭಾರ ಬಿದ್ರ ನರಳ್ತದ. ನಾವು ಭಾರಾ ಇಳಿಸಿ ತೋರಿಸಿಕೋತ ಕೂತ್ವಿ. ಛೇ ಛೇ ಛೇ."

"ಭಾಂಡೆ ಅಂದ್ರಿ," ಎಂದಳು ಕಾಕು.

"ಅಂದೆ. ತಪ್ಪಾತು. ಗೆದ್ದಿ ನೀ. ಈಗ ಮನೀಗೆ ಬ್ಯಾಡ. ಬಂಕಾಪುರದಿಂದ ಹಿಂಗ ಶಿಗ್ಗಾಂವಿಗೆ ಹೋಗಿಬಿಡೋಣು. ಚೀಲಾ ಇಳಸೂದು ಬ್ಯಾಡ. ಇದನ್ನ ಹಿಂಗಿದ್ದಂಗ ಚನ್ನಬಸೂಗ ಕೇಳಸಬೇಕು."

"ನನಗ ನೀರಡಿಕಿ ಆಗ್ಯದ್ರಿ."

"ಒಂದ ತಾಸು ತಡಿ. ನಿನ್ನ ಕೊಡದ ಮುಂದ ತಂದು ಕೂಡಸ್ತೇನಿ ನಿನ್ನ. ಇನ್ನ ಮ್ಯಾಲೆ ಆ ಕೊಡಕ್ಕ ಯಾರರೆ ಏನರೆ ಅಂದ್ರ ನನ್ನ ಕೇಳು."

ಇದು ಅವನ ಕೊನೆಯ ಮಾತು. ಇದಾದ ಮೇಲೆ ಅವನು ಗುನುಗುತ್ತಿದ್ದ, ಆದರೆ ಅದು ಮಾತಲ್ಲ.

ಮುಂದಿನದನ್ನು ನಾನು ಪೊಲೀಸರಿಗೆ ಹೇಳಿದ್ದೇನೆ, ನೆಂಟರಿಗೆ ಹೇಳಿದ್ದೇನೆ, ಕಂಡಷ್ಟನ್ನೇ ಹೇಳಿದ್ದೇನೆ. ಇಲ್ಲಿಯೂ ಅಷ್ಟೇ. ರಸ್ತೆ ಬಲಕ್ಕೆ ಹೊರಳುವಲ್ಲಿ ಒಂದು ಸಣ್ಣ ಸೇತುವೆ ಇತ್ತು, ಕೆಳಗೆ ನೀರಿಲ್ಲದ ಹಳ್ಳ. ಸೇತುವೆಯ ಎಡಗಡೆಯ ಕಟ್ಟೆ ಕುಸಿದು ಬಹಳ ದಿನವಾಗಿತ್ತು. ಕಾರಿನ ವೇಗ ಸೈಕಲ್ಲಿಗಿಂತ ಬಹಳ ಹೆಚ್ಚಿರಲಿಲ್ಲ. ಎದುರಿಗೆ ಯಾವ ಗಾಡಿಯೂ ಇರಲಿಲ್ಲ. ಕಾಕಾ ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದ. ಆಗ ಬಂದದ್ದು ಧಕ್ ಎಂಬ ಸಪ್ಪಳವಲ್ಲ. ಕೊಡಲಿಯ ಕಾವು ಮುರಿದ ಹಾಗೆ ಒಂದು ಸಪ್ಪಳ, ಆಮೇಲೆ ಕಬ್ಬಿಣ ಡಾಂಬರನ್ನು ಗೀರುವ ಸಪ್ಪಳ. ಕಾಕಾನ ಕೈಗಳು ಬಲಕ್ಕೆ ತಿರುಗಿಯೇ ಇದ್ದವು. ಕಾರು ಎಡಕ್ಕೆ ಹೋಯಿತು. ಅವನು ಕೈಗಳನ್ನು ನೋಡಿಕೊಂಡ. ಅದನ್ನು ನಾನು ಕಂಡೆ: ತನ್ನ ಕೈಗಳನ್ನೇ ಅವನು ಆಶ್ಚರ್ಯದಿಂದ ನೋಡಿಕೊಂಡ. ಆಮೇಲೆ ಮೂತಿ ಕೆಳಗಾಗಿ ನಾವು ಹಳ್ಳದ ಕಲ್ಲುಗಳ ಮೇಲೆ ಬಿದ್ದೆವು.

ಅಕ್ಕಿಯ ಚೀಲ ಒಡೆದು ಅಕ್ಕಿ ನನ್ನ ಮೈಮೇಲೆಲ್ಲ ಸುರಿದಿತ್ತು. ಸ್ಟೇರಿಂಗು ಕಾಕಾನ ಎದೆಗೆ ಒತ್ತಿ ನಿಂತಿತ್ತು. ಕಾಕುವಿನ ಎಡಗೈ ಮುರಿದು ವಿಚಿತ್ರವಾಗಿ ಮಡಚಿಕೊಂಡಿತ್ತು. ಮೇಲಿನ ಹೊಲದಲ್ಲಿ ಮೇವು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಬುತ್ತಿಯ ಜೊತೆ ತಂದಿದ್ದ ಪ್ಲಾಸ್ಟಿಕ್ ಕೊಡ ಎತ್ತಿಕೊಂಡು ಓಡಿ ಇಳಿದು ಬಂದಳು. ಮೊದಲು ಕಾಕಾನ ಬಾಯಿಗೆ ನೀರು ಹಾಕಿದಳು. ನೀರು ಒಳಗೆ ಹೋಗದೆ ತುಟಿಯ ಅಂಚಿನಿಂದ ಕೊರಳಿಗೆ ಇಳಿಯಿತು. ಅವಳು ನನ್ನ ಮುಖ ನೋಡಿದಳು. ಈಚೆ ಬಂದು ಅದೇ ಕೊಡವನ್ನು ಕಾಕುವಿನ ಮುಂದೆ ಹಿಡಿದಳು.

"ಕುಡೀರಿ ಯವ್ವಾ. ಒಂದು ಗುಟುಕು ಕುಡೀರಿ."

ಕಾಕು ಒಲ್ಲೆ ಎನ್ನುತ್ತಾಳೆಂದುಕೊಂಡೆ. ಅವಳು ಬಲಗೈಯಿಂದ ಕೊಡದ ಬಾಯಿ ಹಿಡಿದು ಕುಡಿದಳು. ಬಹಳ ಹೊತ್ತು ಕುಡಿದಳು. ಕುಡಿದು ಮುಗಿಸಿದ ಮೇಲೆಯೇ ಅವಳು ಬಲಕ್ಕೆ ತಿರುಗಿ ಗಂಡನನ್ನು ನೋಡಿದ್ದು.

ಸೂತಕದ ದಿನಗಳು ಮುಗಿದವು. ವೈಕುಂಠ ಸಮಾರಾಧನೆಯ ಊಟದ ನಂತರ ಪಡಸಾಲೆಯಲ್ಲಿ ಎಲೆಅಡಿಕೆ ಹಾಕಿಕೊಳ್ಳುತ್ತ ಹಿರಿಯರೊಬ್ಬರು ಅಂದರು: "ಆ ಭಾಂಡೆ ಗದ್ದಲಾ ಇರದಿದ್ರ ಮೊದಲ ಗೊತ್ತಾಗ್ತಿತ್ತು. ಅದರಾಗ ಇದು ಮುಚ್ಚಿಹೋತು." ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಉಳಿದವರು ಹೌದು ಹೌದು ಎಂದರು. ಅಡಿಗೆಮನೆಯ ಬಾಗಿಲು ತೆರೆದಿತ್ತು. ಕಾಕು ಅಲ್ಲಿ ಗೋಡೆಗೆ ಒರಗಿ ಕೂತಿದ್ದಳು, ಕೈಗೆ ಪ್ಲಾಸ್ಟರು.

ಅಂದು ಸಂಜೆ ನನ್ನನ್ನು ಕರೆದಳು. "ಅವನ್ನ ಮ್ಯಾಲಿಡು," ಎಂದಳು. ಎರಡು ಕೊಡ, ಬುಟ್ಟಿ, ಗಿಂಡಿ, ಎಲ್ಲವನ್ನೂ ಅಟ್ಟದ ಮೇಲೆ ಇಟ್ಟೆ. ಸುತ್ತಿದ ಸೀರೆ ಹಾಗೇ ಇತ್ತು.

ಅಲ್ಲಿಂದ ಮುಂದೆ ಕಾಕು ಎಲ್ಲ ನೀರನ್ನೂ ಕುಡಿಯತೊಡಗಿದಳು. ಆಸ್ಪತ್ರೆಯದು, ಹೋಟೆಲಿನದು, ಬಸ್ ನಿಲ್ದಾಣದ ಬಾಟಲಿಯದು. ಕಾಲಕ್ಕೆ ತಕ್ಕ ಹಾಗೆ ಬದಲಾದಳು ಎಂದು ಕೆಲವರು ಮೆಚ್ಚಿದರು. ಅವಳು ಕುಡಿಯುವುದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಕಹಿ ಔಷಧ ಕುಡಿಯುವವರು ಹಾಗೆ ಕುಡಿಯುತ್ತಾರೆ, ಮುಖ ಗಂಟಿಕ್ಕದೆ, ಒಂದೇ ಸಲಕ್ಕೆ. "ನನ್ನ ಭಾಂಡೆ ಸಪ್ಪಳದಾಗ ಅವರಿಗೆ ಕೇಳಿಸಲಿಲ್ಲ," ಎಂದು ಒಮ್ಮೆ ಮಾತ್ರ ಅಂದಳು. ಅಲ್ಲ ಕಾಕು ಎಂದೆ. ಯಾಕೆ ಅಲ್ಲ ಎಂದು ವಿವರಿಸುವಷ್ಟು ನನಗೂ ಗೊತ್ತಿರಲಿಲ್ಲ.

ಗೊತ್ತು ಮಾಡಿಕೊಳ್ಳಲು ಶಿಗ್ಗಾಂವಿಗೆ ಹೋದೆ. ಚನ್ನಬಸು ನನ್ನನ್ನು ಕಂಡು ಮಾಡುತ್ತಿದ್ದ ಕೆಲಸ ನಿಲ್ಲಿಸಿದ. ಒಳಗಿನ ಗೋಡೆಯ ಮೊಳೆಗೆ ಕಪ್ಪು ಕಬ್ಬಿಣದ ಒಂದು ತೋಳು ನೇತಾಡುತ್ತಿತ್ತು.

"ಡಾಕ್ಟರ್ರ ಗಾಡೀದ್ರಿ ಅದು. ಬಿಚ್ಚಿ ಇಟ್ಟೇನಿ. ಒಗೀಬೇಕಂತೇನಿ, ಕೈ ಬರವಲ್ದು."

ಇಳಿಸಿ ನನ್ನ ಕೈಗೆ ಕೊಟ್ಟ. ತೋಳಿನ ತುದಿಯಲ್ಲಿ ಒಂದು ಬಟ್ಟಲು, ಒಳಗೆ ಏನೂ ಇಲ್ಲ. ಆ ಬಟ್ಟಲಲ್ಲಿ ಒಂದು ಉಕ್ಕಿನ ಗುಂಡು ಕೂತಿರಬೇಕು. ಗಾಲಿಯನ್ನು ತೋಳಿಗೆ ಹಿಡಿದಿಡುವ ಕೀಲು ಅದೇ, ಬಾಲ್ ಜಾಯಿಂಟು. ಬಟ್ಟಲಿನ ಅಂಚು ಸವೆದು ಉಗುರಿನಷ್ಟು ತೆಳ್ಳಗಾಗಿತ್ತು. ಗುಂಡು ಅಲ್ಲಿಂದ ಜಾರಿತ್ತು.

"ಹಿಂದ ಭಾರ ಬಿತ್ತಂದ್ರ ಮೂತಿ ಎತ್ತತೈತ್ರಿ ಅಕ್ಕಾರ. ಆವಾಗ ಈ ಗುಂಡು ಸವದ ಜಾಗಕ್ಕ ಬರತೈತಿ, ಬಡೀತೈತಿ. ಖಾಲಿ ಇದ್ರ ಗಟ್ಟಿ ಜಾಗದಾಗ ಕುಂತಿರತೈತಿ, ಸುಮ್ಮನಿರತೈತಿ. ನನ್ನ ಮುಂದ ಬಂದಾಗೆಲ್ಲಾ ಖಾಲಿ ಬಂತು." ಸ್ವಲ್ಪ ತಡೆದು ಅಂದ: "ಆದ್ರೂ ಟಾಮಿ ಸಲಾಕಿ ಹಾಕಿ ಕೆಳಗಿಂದ ಎತ್ತಿ ನೋಡಿದ್ದಿದ್ರ ಸಿಗತಿತ್ರಿ. ನೋಡಲಿಲ್ಲ. ಲಿಂಕ್ ರಾಡು ಸಿಕ್ತು, ಸಿಕ್ಕದ್ದ ಸಾಕಂತ ಕೈಬಿಟ್ಟೆ. ಎರಡನೇ ಸಲ ನಕ್ಕೋತ ಕಳಿಸಿದೆ."

"ಹಂಗಾದ್ರ ಭಾಂಡೆ ಸಪ್ಪಳದಾಗ ಇದು ಮುಚ್ಚಿಹೋಗಿತ್ತು ಅಂತಾರಲ್ಲ?"

"ಎಲ್ಲಿ ಮುಚ್ಚತೈತ್ರಿ? ಅಮ್ಮಾರ ಕೊಡದ ಭಾರ ಇರದಿದ್ರ ಅದು ಸಪ್ಪಳಾನ ಮಾಡತಿರಲಿಲ್ಲ. ಒಂದಿನ ಸುಮ್ಮಸುಮ್ಮಕ ಕಳಚತಿತ್ತು."

ಈ ಮಾತನ್ನು ತುಂಬಿದ ತಂಬಿಗೆಯ ಹಾಗೆ ಚೆಲ್ಲದಂತೆ ಸವಣೂರಿನ ತನಕ ತಂದೆ. ಕಾಕು ಹೂಬತ್ತಿ ಹೊಸೆಯುತ್ತಿದ್ದಳು. ಅವಳೆದುರು ಕೂತು ಒಂದೊಂದಾಗಿ ಹೇಳಿದೆ. ಗುಂಡು, ಬಟ್ಟಲು, ಭಾರ, ಮೂತಿ. ಅವಳು ಪೂರ್ತಿ ಕೇಳಿದಳು.

"ಅಂದ್ರ ಅವು ಹೇಳ್ಲಿಕ್ಕತ್ತಿದ್ವು," ಎಂದಳು.

"ಹೌದು ಕಾಕು."

"ವರ್ಷಪೂರ್ತಿ ಹೇಳಿದ್ವು."

"ಹೂಂ."

"ನಾ ಅವುಗಳ ಬಾಯಾಗ ಅರಿವಿ ತುರುಕಿದೆ."

ಮತ್ತೆ ಬತ್ತಿ ಹೊಸೆಯತೊಡಗಿದಳು. ಒಂದು ಭಾರ ಇಳಿಸಲು ಹೋದ ನಾನು ಇನ್ನೊಂದನ್ನು ಹೊರಿಸಿ ಬಂದೆನೋ ಏನೋ, ನನಗೆ ಇಂದಿಗೂ ತಿಳಿದಿಲ್ಲ. ನಿಜವನ್ನು ತಂದು ಕೊಟ್ಟರೆ ಸಾಕು, ಉಳಿದದ್ದು ತಾನೇ ಸರಿಹೋಗುತ್ತದೆ ಎಂದು ಪಾಠ ಮಾಡುವವರಿಗೆ ಅನ್ನಿಸುತ್ತಿರುತ್ತದೆ. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಕೆಲವು ವರ್ಷಗಳ ಮೇಲೆ ನಾನೂ ಒಂದು ಸಣ್ಣ ಕಾರು ಕೊಂಡೆ. ಅವಳು ಬೇಡ ಎನ್ನಲಿಲ್ಲ. ಮುಂದಿನ ಎಡಗಡೆಯೇ ಕೂತಳು. ಡಿಕ್ಕಿ ಖಾಲಿಯಿರುತ್ತಿತ್ತು.

ಇಷ್ಟಾದ ಮೇಲೆ, ಹೋದ ವಾರ, ಬಸ್ ನಿಲ್ದಾಣದ ಮುಂದೆ ಆ ಸಪ್ಪಳ.

ಮನೆ ಮುಟ್ಟಿ ಕಾರಿನಿಂದ ಇಳಿದವಳು ಬಾಗಿಲಲ್ಲಿ ನಿಂತು, "ನಾಳೆ ಶಿಗ್ಗಾಂವಿಗೆ ಹೋಗೂದದ. ಅಟ್ಟದ ಮ್ಯಾಲಿಂದ ಭಾಂಡೆ ಇಳಸು," ಎಂದಳು.

ಇಳಿಸಿದೆ. ಕೊಡಗಳು ಕಪ್ಪು ಹಿಡಿದಿದ್ದವು. ಅರಿವೆಗಳನ್ನು ಅವಳೇ ಬಿಚ್ಚಿದಳು. ಹುಣಸೆಹಣ್ಣು ಹಚ್ಚಿ, ಸರಿಯಾಗಿ ಮಡಚಲು ಬಾರದ ಎಡಗೈಯಿಂದ ಹಿಡಿದು ಬಲಗೈಯಿಂದ ತಿಕ್ಕಿದಳು. ಬೆಳಗ್ಗೆ ಮಡಿಯಲ್ಲಿ ಬಾವಿಗೆ ಹೋದಳು. ಸೇದುವಾಗ ನಾನು ಹಗ್ಗ ಹಿಡಿಯಲು ಬಂದರೆ, "ಮುಟ್ಟಬ್ಯಾಡ," ಎಂದಳು. ಆ ಗದರಿಕೆಯನ್ನು ಕೇಳಿ ಬಹಳ ವರ್ಷವಾಗಿತ್ತು.

ಚನ್ನಬಸು ಅವಳನ್ನು ಕಂಡು ಎದ್ದು ನಿಂತ. ಅವನ ಕೂದಲು ನೆರೆತಿದೆ. ಅರಿವೆಗೆ ಕೈ ಒರೆಸಿಕೊಂಡ, ಒರೆಸಿಕೊಳ್ಳುತ್ತಲೇ ಇದ್ದ. ಡಿಕ್ಕಿಯ ಗಾಜಿನಿಂದ ಹಿತ್ತಾಳೆ ಕಂಡು ಎರಡು ಹೆಜ್ಜೆ ಹಿಂದೆ ಸರಿದ.

"ಅಮ್ಮಾರ, ಭಾಂಡೆ ಅದಾವ್ರಿ. ನನ್ನ ಕೈ ಹೊಲಸೈತಿ."

"ಅದಾವಂತನ ಬಂದೇನಿ," ಎಂದಳು ಕಾಕು. "ಹತ್ತು. ಇವತ್ತ ಖಾಲಿ ಗಾಡಿ ತಂದಿಲ್ಲ."

ಅವನು ಓಡಿಸಿದ. ಅವಳು ಚಪ್ಪಲಿ ತೆಗೆದು ಬರಿಗಾಲನ್ನು ನೆಲಕ್ಕೆ ಒತ್ತಿ ಕೂತಳು. ಒಂದು ಉಬ್ಬು ಬಂತು. "ಇಲ್ಲೆ," ಎಂದಳು. ಇನ್ನೊಂದು. "ಇಲ್ಲೆ. ಕಾಲಿಗಿಂತ ಸ್ವಲ್ಪ ಹಿಂದ." ಚನ್ನಬಸು ತಲೆ ಆಡಿಸಿದ. ಗ್ಯಾರೇಜಿಗೆ ಬಂದು, ಕೊಡ ಇಳಿಸದೆಯೇ ಜಾಕ್ ಹಚ್ಚಿ, ಟಾಮಿಯಿಂದ ಮೀಟಿ ನೋಡಿದ. ತೋಳಿನ ಹಿಂದಿನ ಬುಶ್ಶು ಸೀಳಿತ್ತು. ಭಯಪಡುವಂಥದ್ದಲ್ಲ. ಹೊಸದು ಹಾಕಿದ. ಹಾಕಿದ ಮೇಲೆ ಏಳಲಿಲ್ಲ. "ಒಂದು ಸಿಕ್ತ್ರಿ," ಎಂದ, ಕಾರಿನ ಕೆಳಗಿನಿಂದಲೇ. "ಉಳಿದದ್ದೂ ನೋಡ್ತೇನಿ." ಎರಡೂ ಕಡೆಯ ಒಂದೊಂದು ಕೀಲನ್ನೂ ಮೀಟಿ, ಕಿವಿಯಿಟ್ಟು, ಮತ್ತೆ ಮೀಟಿ ನೋಡಿದ. ಕಾಕು ಡಿಕ್ಕಿಯ ಬಾಗಿಲು ತೆರೆದಿಟ್ಟುಕೊಂಡು ಅಲ್ಲಿಯೇ ಸ್ಟೂಲಿನ ಮೇಲೆ ಕೂತಿದ್ದಳು. ನೀರಡಿಕೆಯಾದಾಗ ಎದ್ದು, ತನ್ನ ಕೊಡದಿಂದ ತಂಬಿಗೆಗೆ ಬಗ್ಗಿಸಿಕೊಂಡು ಕುಡಿದಳು. ನಿಧಾನವಾಗಿ ಕುಡಿದಳು, ನೀರು ಕುಡಿಯುವವರ ಹಾಗೆ.

ಕೊನೆಗೆ ಮತ್ತೊಂದು ಸುತ್ತು. ಅದೇ ರಸ್ತೆ, ಅದೇ ಉಬ್ಬು. ಮೂವರೂ ಕಿವಿಗೊಟ್ಟು ಕೂತಿದ್ದೆವು. ಕೆಳಗಿನಿಂದ ಏನೂ ಬರಲಿಲ್ಲ. ಇನ್ನೊಂದು ಉಬ್ಬು. ಆಗ ಹಿಂದಿನಿಂದ ಒಂದು ದನಿ ಎದ್ದಿತು: ಖಣ್.

ಚನ್ನಬಸುವಿನ ಕಾಲು ಬ್ರೇಕಿನ ಮೇಲೆ ಬಿತ್ತು. ಕಾರು ನಿಂತಿತು. ಅವನು ತಿರುಗಿ ನೋಡಿದ. ನಾನೂ ನೋಡಿದೆ.

ಕಾಕುವಿನ ಎರಡೂ ಪಾದಗಳು ನೆಲದ ಮೇಲೇ ಇದ್ದವು.

"ನಡೀಯಪ್ಪಾ," ಎಂದಳು. "ಅದು ನಂದು."